ಹಾಡುವ ನಟರಿಗೆ ಶಾಲೆಯ ಬಾಗಿಲು ತೆರೆಯಲಿ

ದೆಹಲಿಯ ಲೋಧಿ ಕಾಲೋನಿಯಿಂದ ಲೋಧಿ ರಸ್ತೆ ದಾಟಿದರೆ ಲೋಧಿ ಎಸ್ಟೇಟ್. ಅಲ್ಲಿನ ಸರ್ದಾರ್ ಪಟೇಲ್ ವಿದ್ಯಾಲಯಕ್ಕೆ 1969ರಲ್ಲಿ ಒಬ್ಬ ನಾಟಕ ಮೇಷ್ಟ್ರು ಬಂದರು. ಆಗ ಅವರಿಗೆ ನಲವತ್ತು. ಬಂಟ್ವಾಳದ ಕಡೆಯ ಹುಡುಗನಾಗಿ ಮನೆಬಿಟ್ಟು ಓಡಿಹೋಗಿ ಗುಬ್ಬಿ ನಾಟಕ ಕಂಪನಿ ಸೇರಿದವರು. ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರೇ ಬನಾರಸಿಗೆ ಕಳಿಸಿ ಓದಿಸಿದರು. ಅಲ್ಲಿ ಎಂ.ಎ. ಮಾಡುತ್ತಲೇ ಪಂಡಿತ್ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. 1962ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ತರಬೇತಿ ಮುಗಿಸಿದರು. ಅವರು ಬಿ.ವಿ. ಕಾರಂತ. 1972ರವರೆಗೆ ಪಟೇಲ್ ವಿದ್ಯಾಲಯದ ಮಕ್ಕಳಿಗೆ ನಾಟಕ ಕಲಿಸಿದರು.

ಕಾರಂತರ ಬಗ್ಗೆ ಬರೆಯುವಾಗ ನಾವು ‘ಹಯವದನ’, ‘ಜೋಕುಮಾರಸ್ವಾಮಿ’, ‘ಚೋಮನ ದುಡಿ’ಗಳ ಹತ್ತಿರ ನಿಲ್ಲುತ್ತೇವೆ. ಶಾಲೆಯ ಆ ವರ್ಷಗಳನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತೇವೆ. ಹಾಡುತ್ತ ಅಭಿನಯಿಸುವವರ ವೃತ್ತಿಬದುಕನ್ನು ಕುರಿತು ಯೋಚಿಸುವಾಗ ನನ್ನನ್ನು ತಡೆದು ನಿಲ್ಲಿಸುವುದು ಆ ಸಾಲೇ. ಇಂಥ ಕಲಾವಿದರಿಗೆ ಎರಡು ಆಸರೆ ಬೇಕು: ದಿನವೂ ಗಂಟಲು ತೆರೆಯುವಂಥ ಕೆಲಸ, ತಿಂಗಳು ತಿಂಗಳೂ ಕೈಗೆ ಬರುವ ಸಂಬಳ. ಒಂದು ಕಾಲದಲ್ಲಿ ಎರಡನ್ನೂ ಕಂಪನಿಗಳು ಕೊಟ್ಟವು. ಕಂಪನಿಗಳು ಮುಚ್ಚಿದ ಮೇಲೆ ಆ ಜಾಗವನ್ನು ಶಾಲೆಗಳು ತುಂಬಬಹುದಿತ್ತು. ನಾವು ಹಾಗೆ ಮಾಡಲಿಲ್ಲ.

ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ವೀರಣ್ಣ ಅದನ್ನು ಸೇರಿದಾಗ ಆರು ವರ್ಷದ ಹುಡುಗ. ಕಂಪನಿ ಎಂದರೆ ಊಟ, ವಸತಿ, ಪಾಠ, ಪಾತ್ರ ಎಲ್ಲ ಒಂದೇ ಸೂರಿನಡಿ. ಬೆಳಿಗ್ಗೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಶ್ರುತಿ ಹಿಡಿಯಬೇಕು, ಮಟ್ಟು ಕಲಿಯಬೇಕು. ಸಂಜೆಗೆ ಬಣ್ಣ, ರಾತ್ರಿಗೆ ಆಟ. ಕಛೇರಿಯ ಗಾಯಕ ಕೂತು ಹಾಡುತ್ತಾನೆ. ನಾಟಕದವನು ಗದೆ ಹೊತ್ತು ಹೆಜ್ಜೆ ಹಾಕುತ್ತ ಹಾಡಬೇಕು, ಸತ್ತ ಮಗನ ಮುಂದೆ ಕುಸಿದು ಕೂತು ಹಾಡಬೇಕು. ಅಳು ಗಂಟಲಿಗೆ ಬಂದರೂ ಶ್ರುತಿ ಬಿಡುವಂತಿಲ್ಲ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯಲ್ಲಿ ನೆಲದ ಮೇಲೆ ಕೂತವನಿಗೂ ಮಾತು ಬಿಡಿಬಿಡಿಯಾಗಿ ಕೇಳಬೇಕು. ‘ಒನ್ಸ್ ಮೋರ್’ ಎಂದರೆ ಮತ್ತೆ ಅದೇ ಭಾವಕ್ಕೆ ಮರಳಬೇಕು. ಈ ವಿದ್ಯೆ ವಾರಾಂತ್ಯದ ಕಮ್ಮಟದಲ್ಲಿ ಬರುವುದಿಲ್ಲ. ನೂರಾರು ರಾತ್ರಿಗಳ ಆಟದಲ್ಲಿ ಬರುತ್ತದೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರಂಥ ಹಿಂದೂಸ್ತಾನಿ ದಿಗ್ಗಜರೂ ಎಳವೆಯಲ್ಲಿ ನಾಟಕ ಕಂಪನಿಯಲ್ಲಿ ಇದ್ದವರೇ. ಏಣಗಿ ಬಾಳಪ್ಪ 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದರು. ಇಳಿವಯಸ್ಸಿನಲ್ಲೂ ಅವರು ರಂಗಗೀತೆ ಹಾಡುವುದನ್ನು ಕೇಳಿದವರಿಗೆ ಆ ತಾಲೀಮು ಎಷ್ಟು ಗಟ್ಟಿ ಎಂಬುದು ಗೊತ್ತು.

ಆ ಬದುಕು ಸುಖದ್ದಾಗಿತ್ತು ಎಂದು ನಾನು ಹೇಳಲಾರೆ. ಮಳೆಗೆ ಕ್ಯಾಂಪ್ ಕೆಟ್ಟರೆ ಸಂಬಳವೂ ಕೆಡುತ್ತಿತ್ತು. ಮಾಲೀಕರೇ ಸಾಲದಲ್ಲಿ ಮುಳುಗುತ್ತಿದ್ದರು. ಹಾಡಿ ಕುಣಿದ ಹೆಣ್ಣುಮಕ್ಕಳು ಚಪ್ಪಾಳೆಯ ಜೊತೆಗೆ ಊರಿನ ಕೊಂಕು ಮಾತನ್ನೂ ಕೇಳಬೇಕಿತ್ತು. ಆದರೂ ಹಾಡುವ ನಟನೆ ಅಲ್ಲಿ ಒಂದು ಉದ್ಯೋಗವಾಗಿತ್ತು. ಅದನ್ನು ನೆಚ್ಚಿ ಸಂಸಾರ ಹೂಡಬಹುದಿತ್ತು.

ಸಿನಿಮಾ ಬಂದು ಈ ಕಲಾವಿದನನ್ನು ಎರಡು ಭಾಗ ಮಾಡಿತು. ದೇಹ ಒಬ್ಬರದು, ಕಂಠ ಇನ್ನೊಬ್ಬರದು. ರಾಜಕುಮಾರ್ ಅವರೇ ಇದಕ್ಕೆ ದೊಡ್ಡ ಸಾಕ್ಷಿ. ರಂಗಭೂಮಿಯಲ್ಲಿ ಹಾಡಿ ಪಳಗಿದ್ದ ಅವರು 1954ರಲ್ಲಿ ‘ಬೇಡರ ಕಣ್ಣಪ್ಪ’ನಾದರು. ಮುಂದೆ ಎರಡು ದಶಕ ತೆರೆಯ ಮೇಲೆ ಅವರಿಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಹಾಡಿದರು. 1974ರ ‘ಸಂಪತ್ತಿಗೆ ಸವಾಲ್’ ನಂತರವೇ ತಮ್ಮ ಪಾತ್ರಗಳಿಗೆ ತಾವೇ ನಿಯಮಿತವಾಗಿ ಹಾಡತೊಡಗಿದರು. ‘ಜೀವನ ಚೈತ್ರ’ದ ಹಾಡಿಗೆ ಅವರಿಗೆ ಶ್ರೇಷ್ಠ ಗಾಯಕನ ರಾಷ್ಟ್ರಪ್ರಶಸ್ತಿ ಬಂದಾಗ ನಾಡು ಹಿಗ್ಗಿತು. ಆ ಕಂಠ ಇಪ್ಪತ್ತು ವರ್ಷ ಕಾದಿತ್ತು ಎಂಬುದನ್ನೂ ನೆನೆಯಬೇಕು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರದು ಇದರ ಇನ್ನೊಂದು ಮುಖ. 1973ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದರು, ‘ಸ್ಪಂದನ’ ತಂಡ ಕಟ್ಟಿದರು, ‘ಲಕ್ಷಾಪತಿ ರಾಜನ ಕಥೆ’, ‘ಕರಿಮಾಯಿ’ಗಳಲ್ಲಿ ಹಾಡಿ, ಕುಣಿದು, ನಿರ್ದೇಶಿಸಿದರು. ಆದರೆ ಲಕ್ಷಾಂತರ ಕನ್ನಡಿಗರು ಅವರ ದನಿಯನ್ನು ಕೇಳಿದ್ದು ಮಾಧವಿಯಂಥ ನಟಿಯರ ತುಟಿಯ ಮೇಲೆ. 2010ರಲ್ಲಿ ಅವರು ರಾಜ್ಯಸಭೆಗೆ ನಾಮನಿರ್ದೇಶನಗೊಂಡು ಆರು ವರ್ಷ ದೆಹಲಿಯ ಸಂಸತ್ತಿನಲ್ಲಿ ಕೂತರು. ಕಂಪನಿ ನಾಟಕದ ರಕ್ತ ಅಲ್ಲಿಯವರೆಗೆ ಹೋದದ್ದು ಸಣ್ಣ ಸಂಗತಿಯಲ್ಲ.

ಪ್ರಶಸ್ತಿಯ ಮಾತಿಗೆ ಬಂದರೆ ಒಂದು ಸಂಕಟ ಹೇಳಲೇಬೇಕು. ಗುಬ್ಬಿ ವೀರಣ್ಣನವರಿಗೆ ಪದ್ಮಶ್ರೀ ಬಂದದ್ದು 1972ರಲ್ಲಿ. ಅದೇ ವರ್ಷ ಅವರು ತೀರಿಕೊಂಡರು. 1958ರಲ್ಲಿ ಮೈಸೂರಿನಲ್ಲಿ ಸ್ತ್ರೀಯರದೇ ನಾಟಕ ಮಂಡಳಿ ಕಟ್ಟಿ ಕಂಸ, ರಾವಣ, ದುರ್ಯೋಧನರಾಗಿ ಗರ್ಜಿಸಿದ ಆರ್. ನಾಗರತ್ನಮ್ಮನವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ಅದೇ ವರ್ಷ ಅವರೂ ಹೋದರು. ದೆಹಲಿ ಕೊಡುವುದು ಸಂಜೆಯ ಆರತಿ. ಹಾಡುವ ನಟಿಗೆ ನೆರವು ಬೇಕಾಗಿರುವುದು ಇಪ್ಪತ್ತೈದರ ವಯಸ್ಸಿನಲ್ಲಿ, ಮನೆ ಬಾಡಿಗೆ ಕಟ್ಟುವ ಹೊತ್ತಿನಲ್ಲಿ.

ಆ ಹೊತ್ತಿಗೆ ಈಗ ಏನಿದೆ? ಮೈಸೂರಿನ ರಂಗಾಯಣಕ್ಕೆ 1989ರಲ್ಲಿ ಕಾರಂತರೇ ಅಡಿಪಾಯ ಹಾಕಿದರು. ಅದು ನಾಟಕದವರಿಗೆ ತಿಂಗಳ ಸಂಬಳವೆಂಬುದನ್ನು ಮತ್ತೆ ತೋರಿಸಿತು. ಈಚಿನ ವರ್ಷಗಳಲ್ಲಿ ಸೇರುವವರು ಬಹುಮಟ್ಟಿಗೆ ಒಪ್ಪಂದದ ಮೇಲೆ ಇರುವವರು. ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು-ಶಿಷ್ಯ ಅನುದಾನದಲ್ಲಿ ಗುರುವಿಗೆ ತಿಂಗಳಿಗೆ 15,000 ರೂಪಾಯಿ, ವಯಸ್ಕ ಶಿಷ್ಯನಿಗೆ ಹೆಚ್ಚೆಂದರೆ 10,000. ದೆಹಲಿ, ಬೆಂಗಳೂರಿನಂಥ ಊರಲ್ಲಿ ಈ ಹಣದಲ್ಲಿ ಕೋಣೆ ಹಿಡಿದು ಎರಡು ಹೊತ್ತು ಉಂಡು ರಿಯಾಜು ಮಾಡಿ ಎಂದು ಯಾವ ಬಾಯಲ್ಲಿ ಹೇಳುವುದು? ಹೀಗಾಗಿ ಒಳ್ಳೆಯ ಕಂಠದವರು ಧಾರಾವಾಹಿಗೆ ಹೋಗುತ್ತಾರೆ. ವೇದಿಕೆಯಲ್ಲಿ ಉಳಿದವರು ಮೊದಲೇ ಧ್ವನಿಮುದ್ರಿಸಿದ ಟ್ರ್ಯಾಕಿಗೆ ತುಟಿಯಾಡಿಸುತ್ತಾರೆ. ಇದು ಅವರ ಸೋಮಾರಿತನವೆಂದು ಬೈಯುವ ಹಿರಿಯರಿದ್ದಾರೆ. ಆ ಬೈಗುಳ ನನಗೆ ಒಪ್ಪಿಗೆಯಿಲ್ಲ. ದಿನದ ತಾಲೀಮಿಗೆ ಯಾರೂ ದುಡ್ಡು ಕೊಡದಿರುವಾಗ ತಾಲೀಮನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ವಾರಕ್ಕೆ ಎಂಟು ಆಟ ಸಾಮಾನ್ಯ. ಅಲ್ಲಿನ ನಟರು 1913ರಲ್ಲೇ ಸಂಘ ಕಟ್ಟಿಕೊಂಡರು, 1919ರಲ್ಲಿ ಮುಷ್ಕರ ಹೂಡಿ ಮಾಲೀಕರನ್ನು ಒಪ್ಪಂದಕ್ಕೆ ತಂದರು. ನಮ್ಮಲ್ಲಿ ಟಿಕೆಟ್ಟಿನ ಹಣವೇ ಅಷ್ಟಿಲ್ಲ, ಆ ದಾರಿ ನೇರವಾಗಿ ಹೊಂದದು. ಆದರೆ ಶಾಲೆಗಳಿವೆ, ಅವು ಊರೂರಲ್ಲಿವೆ. ಕರ್ನಾಟಕದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರಿದ್ದಾರೆ. ಅವರು ಇರುವಲ್ಲಿ ಮಕ್ಕಳ ಮಾತಿಗೆ ಕಳೆ ಬಂದಿದೆ. ಸ್ಥಳೀಯ ಕಲಾವಿದರನ್ನು ಶಾಲೆಗೆ ಕರೆತರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಕರ್ನಾಟಕ ಬೇರೆ ನೀತಿಯ ಹಾದಿ ಹಿಡಿದಿದೆ, ಹಿಡಿಯಲಿ. ಈ ಒಂದು ಮಾತಿಗೆ ಯಾರದೂ ತಕರಾರು ಇರಲಾರದು. ತಾಲ್ಲೂಕಿಗೊಬ್ಬ ರಂಗಸಂಗೀತ ಶಿಕ್ಷಕರು, ಶಿಕ್ಷಕರ ಪೂರ್ಣ ವೇತನ, ಪದವಿಗಿಂತ ಹಾಡಿ ನಟಿಸುವ ಪರೀಕ್ಷೆಗೆ ಹೆಚ್ಚು ಅಂಕ. ಇಷ್ಟು ಸಾಕು.

ಇದರಿಂದ ಕಲಾವಿದರಿಗಷ್ಟೇ ಲಾಭ ಎಂದುಕೊಳ್ಳಬೇಡಿ. ಶಾಲೆ ಬಿಟ್ಟ ಕಾರಂತರು 1977ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1979ರಲ್ಲಿ ‘ಮ್ಯಾಕ್‌ಬೆತ್’ಗೆ ಯಕ್ಷಗಾನದ ಹೆಜ್ಜೆ ಕಟ್ಟಿ ‘ಬರ್ನಂ ವನ’ ಮಾಡಿಸಿದರು. ಕಂಡ ಕಂಡ ವಸ್ತುವಿನಿಂದ ನಾದ ಹೊರಡಿಸುವ ಅವರ ಆ ಆಟಕ್ಕೆ ಮಕ್ಕಳ ಜೊತೆ ಕಳೆದ ದಿನಗಳು ಏನೂ ಕೊಡಲಿಲ್ಲ ಎಂದು ನಾನು ನಂಬಲಾರೆ. ರವೀಂದ್ರನಾಥ ಠಾಕೂರರ ಕಥೆಯಿಂದ ‘ಪಂಜರ ಶಾಲೆ’ ನಾಟಕವನ್ನು ಕನ್ನಡದ ಮಕ್ಕಳಿಗೆ ಕೊಟ್ಟವರೂ ಅವರೇ.

ಲೋಧಿ ಕಾಲೋನಿಯ ಸರ್ಕಾರಿ ವಸತಿಗೃಹಗಳ ಗೋಡೆಗಳನ್ನು ಕೆಲವು ವರ್ಷಗಳ ಹಿಂದೆ ಚಿತ್ರಕಲಾವಿದರಿಗೆ ಬಿಟ್ಟುಕೊಟ್ಟರು. ಇಂದು ಜನ ಆ ಗೋಡೆಗಳನ್ನು ನೋಡಲೆಂದೇ ಬರುತ್ತಾರೆ. ಗೋಡೆ ಕೊಟ್ಟರೆ ಚಿತ್ರ ಬಂತು. ಹಾಡುವ ನಟನಿಗೆ ಕೊಡಬೇಕಾದ್ದು ಒಂದು ತರಗತಿ ಕೋಣೆ, ಒಂದು ಹಾರ್ಮೋನಿಯಂ, ಒಂದು ಸಂಬಳ. ಇದೇ ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆಯೂ ಇದೆ. ರಾಜಧಾನಿಯ ಕನ್ನಡಿಗರು ವರ್ಷಕ್ಕೊಂದು ರಾಜ್ಯೋತ್ಸವದ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೂ ಅಲ್ಲಿಗೆ ಕರ್ನಾಟಕದಿಂದ ಒಬ್ಬ ಯುವ ರಂಗಗಾಯಕಿಯನ್ನು ಕರೆತಂದು ಮೂರು ವರ್ಷ ಇರಿಸಿಕೊಳ್ಳಬಹುದು. ದೆಹಲಿಯ ಶಾಲೆಗಳಿಗೆ ಹೊಸ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಅಷ್ಟರೊಳಗೆ ಆ ಒಂದು ನೇಮಕ ಆಗಲಿ.