ಗಾಜಿನ ತೊಟ್ಟಿಯ ಸಿಗಡಿಗಳೂ ಪೇಟೆಯ ಹೊಸ ಗಿಡಗಳೂ

ಹೊಸರಿತ್ತಿಯ ಕಡೆಯ ಗೃಹಸ್ಥರೊಬ್ಬರು ಕಳೆದ ತಿಂಗಳು ಕಾಗದ ಬರೆದು ಒಂದು ಪ್ರಶ್ನೆಯನ್ನು ಕೇಳಿದ್ದಾರೆ. ಅವರ ಮಗಳು ಗಾಜಿನ ತೊಟ್ಟಿಯಲ್ಲಿ ಚೆರ್ರಿ ಎಂಬ ಜಾತಿಯ ಕೆಂಪು ಸಿಗಡಿಗಳನ್ನು ಸಾಕಿದ್ದಳು. ಅವು ಮರಿಮಾಡಿ ನಾಲ್ವತ್ತರಷ್ಟಾಗಿದ್ದುವು. ಪೇಟೆಯಿಂದ ತಂದ ಹೊಸ ಜಲಸಸ್ಯವೊಂದನ್ನು ಒಂದು ಸಂಜೆ ಅದರಲ್ಲಿ ನೆಟ್ಟರು. ಮರುದಿನ ಮಧ್ಯಾಹ್ನದೊಳಗಾಗಿ ಸಿಗಡಿಗಳಲ್ಲಿ ಒಂದೂ ಉಳಿಯಲಿಲ್ಲ. ಅದೇ ತೊಟ್ಟಿಯ ಮೀನುಗಳು ಮಾತ್ರ ಎಂದಿನಂತೆ ಈಜುತ್ತಿದ್ದುವಂತೆ. ಒಂದೇ ಗಿಡವು ಸಿಗಡಿಗೆ ಮೃತ್ಯುವಾಗಿ ಮೀನಿಗೆ ಏನೂ ಆಗದಿರುವುದೆಂತು, ಎಂಬುದು ಅವರ ಪ್ರಶ್ನೆ.

ಬಹುಮಟ್ಟಿಗೆ ಕೊಂದದ್ದು ಗಿಡವಲ್ಲ, ಗಿಡಕ್ಕೆ ಸಿಂಪಡಿಸಿದ ಔಷಧವು. ಇದರ ಮರ್ಮವನ್ನು ತಿಳಿಯಲು ನಮ್ಮ ಭಾಗದವರು ದೂರ ಹೋಗಬೇಕಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಹೊಲದಲ್ಲಿ ನುಸಿ ಬಿದ್ದರೆ ರೈತರು ಏನು ಮಾಡುವರು? ‘ಎಣ್ಣೆ ಹೊಡೆಯುವರು’. ೨೦೨೧ರಲ್ಲಿ ಪರದೇಶದ ಹೊಸ ಥ್ರಿಪ್ಸ್ ನುಸಿಯು ದಕ್ಷಿಣದ ಮೆಣಸಿನ ಬೆಳೆಯನ್ನೆಲ್ಲ ಮುತ್ತಿದಾಗ ಎಷ್ಟು ಎಣ್ಣೆ ಹೊಡೆದರೆಂಬುದನ್ನು ನೆನೆದರೆ ಸಾಕು. ಈ ಎಣ್ಣೆಗಳು ಕೀಟಗಳ ನರಗಳನ್ನು ಹಿಡಿಯುವಂಥವು. ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಸಿಗಡಿಯು ಮೀನಿನ ನೆಂಟನಲ್ಲ, ಕೀಟದ ದಾಯಾದಿ. ಎರಡೂ ಸಂಧಿಪದಿಗಳೆಂಬ ಒಂದೇ ಕುಲಕ್ಕೆ ಸೇರಿದವು. ನುಸಿಯನ್ನು ಕೊಲ್ಲುವ ವಿಷವು ಬೆನ್ನೆಲುಬುಳ್ಳ ಮೀನನ್ನು ಬಿಟ್ಟು ಸಿಗಡಿಯನ್ನು ಹುಡುಕಿಕೊಂಡು ಹೋಗುವುದಕ್ಕೆ ಇದೇ ಕಾರಣ.

ಅಂಗಡಿಯ ಗಿಡಗಳಲ್ಲಿ ಹಲವನ್ನು ನೀರಿನೊಳಗಲ್ಲ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ಅಲ್ಲಿ ಕೀಟಬಾಧೆಯೂ ಉಂಟು, ಸಿಂಪಡಣೆಯೂ ಉಂಟು. ಪರದೇಶದಿಂದ ಬರುವ ಸಸ್ಯಗಳಿಗಾದರೋ ಕ್ರಿಮಿಕೀಟಗಳಿಲ್ಲವೆಂಬ ಪ್ರಮಾಣಪತ್ರವೇ ಬೇಕು. ನಮ್ಮ ದೇಶದಲ್ಲಿ ೨೦೦೩ರ ಸಸ್ಯ ಸಂಪರ್ಕನಿಷೇಧದ ಆಜ್ಞೆಯು ಇದನ್ನು ವಿಧಿಸಿದೆ. ನಿಯಮವು ಯೋಗ್ಯವಾದುದೇ. ಆದರೆ ಕೀಟವಿಲ್ಲದ ಗಿಡವೆಂದರೆ ವಿಷವಿಲ್ಲದ ಗಿಡವೆಂದು ಅರ್ಥವಲ್ಲ.

ಇಲ್ಲಿ ಜನರು ಒಂದು ಭ್ರಮೆಗೆ ಒಳಗಾಗುತ್ತಾರೆ. ಗಿಡವನ್ನು ಯಾವುದೋ ದ್ರಾವಣದಲ್ಲಿ ಅದ್ದಿ ತೆಗೆದರೆ ಎಲ್ಲವೂ ಶುದ್ಧವಾಯಿತೆಂದು ತಿಳಿಯುತ್ತಾರೆ. ಅದ್ದುವುದರಿಂದ ಹೋಗುವುದು ಗಿಡದೊಡನೆ ಬಂದ ಜೀವಿಗಳು: ಬಸವನಹುಳುವಿನ ಮೊಟ್ಟೆ, ಹೈಡ್ರಾ, ಚಪ್ಪಟೆ ಹುಳುಗಳು ಮೊದಲಾದವು. ಪಟಿಕದ ನೀರು ಇದಕ್ಕೆ ಸುಲಭವಾದ ಉಪಾಯ; ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ಪುಡಿ ಕರಗಿಸಿ ೨-೩ ಗಂಟೆ ಇಟ್ಟು ಚೆನ್ನಾಗಿ ತೊಳೆಯತಕ್ಕದ್ದು. ಹಿಂದೆ ಕಾಲರಾ ಬಂದಾಗ ಬಾವಿಗಳಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಪರ್ಮಾಂಗನೇಟನ್ನು ತಿಳಿಗೆಂಪಾಗುವಷ್ಟು ಬೆರೆಸಿ ಹತ್ತು ನಿಮಿಷ ಅದ್ದುವವರೂ ಉಂಟು. ಬ್ಲೀಚಿನ ದ್ರವವನ್ನು ೧೯ ಪಾಲು ನೀರಿಗೆ ೧ ಪಾಲಿನಂತೆ ಬೆರೆಸಿ ಎರಡು ನಿಮಿಷಕ್ಕೆ ಮೀರದಂತೆ ಅದ್ದುವ ಪದ್ಧತಿಯೂ ಇದೆ. ಆದರೆ ಪಾಚಿಯಂಥ ಕೋಮಲ ಸಸ್ಯಗಳು ಅದರಿಂದಲೇ ಸಾಯುವುದರಿಂದ ನಾನು ಅದನ್ನು ಮನೆಯವರಿಗೆ ಹೇಳಲಾರೆ. ಇವುಗಳಲ್ಲಿ ಒಂದರೊಡನೆ ಇನ್ನೊಂದನ್ನು ಎಂದಿಗೂ ಕೂಡಿಸಬಾರದು. ಬಸವನಹುಳುವಿಗಂತೂ ಇಷ್ಟೊಂದು ಹೆದರಬೇಕಾದುದಿಲ್ಲ. ಹೆದರಬೇಕಾದುದು ಏರೋಪ್ಲೇನ್ ಚಿಟ್ಟೆಯೆಂದು ಮಕ್ಕಳು ಹಿಡಿದು ಆಡುವ ಆ ಕೀಟದ ಮರಿಗೆ. ಅದರ ಮೊಟ್ಟೆಗಳು ದಂಟಿನೊಳಗೆ ಅಡಗಿ ಬರುವುದುಂಟು. ಮರಿಯು ನೀರಿನಲ್ಲೇ ಬೆಳೆದು ಒಂದೊಂದಾಗಿ ಸಿಗಡಿಗಳನ್ನು ತಿನ್ನುತ್ತದೆ.

ಇಷ್ಟೆಲ್ಲ ಅದ್ದಿದರೂ ಎಲೆ ದಂಟುಗಳ ಒಳಗೆ ಸೇರಿದ ಎಣ್ಣೆಯು ಹೋಗದು. ಅದಕ್ಕೆ ಬೇಕಾದುದು ಕಾಲ ಮತ್ತು ನೀರು. ತಂದ ಗಿಡದ ಬೇರಿಗೆ ಸುತ್ತಿದ ಉಣ್ಣೆಯಂಥ ನಾರನ್ನೂ, ಅದರಲ್ಲಿ ಸಿಕ್ಕಿರುವ ಗೊಬ್ಬರದ ಗುಳಿಗೆಗಳನ್ನೂ, ಭಾರಕ್ಕೆಂದು ಸುತ್ತಿದ ಸೀಸದ ಪಟ್ಟಿಯನ್ನೂ ತೆಗೆದುಬಿಡಬೇಕು. ಬಳಿಕ ಕಿಡಕಿಯ ಬೆಳಕಿನಲ್ಲಿ ಬೇರೊಂದು ಬಕೀಟಿನಲ್ಲಿಟ್ಟು ಮೂರು-ನಾಲ್ಕು ವಾರ ಕಾಯಬೇಕು. ಎರಡು ಮೂರು ದಿನಕ್ಕೊಮ್ಮೆ ನೀರನ್ನೆಲ್ಲ ಚೆಲ್ಲಿ ಹೊಸದನ್ನು ತುಂಬಬೇಕು. (ಹೊಲಕ್ಕೆ ಎಣ್ಣೆ ಕಲಸಿದ ಬಕೀಟನ್ನು ತೊಳೆದು ತಂದೆನೆಂದರೆ ನಡೆಯದು.) ಮೇಲೆ ತೆಳು ಬಟ್ಟೆಯನ್ನು ಕಟ್ಟದಿದ್ದರೆ ಸೊಳ್ಳೆಗಳನ್ನು ಸಾಕಿದಂತಾಗುವುದು. ಈ ಅವಧಿಯಲ್ಲಿ ಹಳೆಯ ಎಲೆಗಳು ಕರಗಿ ಉದುರಿದರೆ ಗಾಬರಿಪಡಬಾರದು. ಗಾಳಿಯಲ್ಲಿ ಬೆಳೆದ ಎಲೆಯು ನೀರಿಗೆ ಒಗ್ಗದೆ ಬೀಳುವುದು ಸ್ವಭಾವ. ಸಿಂಪಡಣೆ ಕಂಡ ಎಲೆಗಳು ಹೋಗಿ ನೀರಿನಲ್ಲೇ ಹುಟ್ಟಿದ ಎಲೆಗಳು ಬಂದರೆ ನಮಗೆ ಲಾಭವೇ.

ಕಾಯಲಾರದವರು ಅಂಗಾಂಶ ಕೃಷಿಯ ಗಿಡವನ್ನು ಕೊಳ್ಳಲಿ. ಬಾಳೆಯ ಸಸಿಗಳಿಂದಾಗಿ ಈ ಮಾತು ನಮ್ಮ ರೈತರಿಗೆ ಹೊಸದಲ್ಲ. ಮುಚ್ಚಿದ ಡಬ್ಬಿಯ ಲೋಳೆಯಲ್ಲಿ ಬೆಳೆದ ಅದಕ್ಕೆ ಕೀಟವೂ ಇಲ್ಲ, ಎಣ್ಣೆಯೂ ಇಲ್ಲ. ಲೋಳೆಯನ್ನು ತೊಳೆದರೆ ತೀರಿತು. ಬೆಲೆ ಕೊಂಚ ಹೆಚ್ಚು. ಹಣ ಉಳಿಸಲೆಂದು ಹೊಲದ ಬದಿಯ ಕಾಲುವೆಯಿಂದ ಗಿಡ ಕಿತ್ತು ತರುವುದು ಮಾತ್ರ ಬೇಡ. ಅಂಗಡಿಯದಕ್ಕಿಂತ ಅದೇ ಹೆಚ್ಚು ಎಣ್ಣೆ ಕುಡಿದಿರಬಹುದು.

ತಾಮ್ರದ ವಿಷಯವಾಗಿ ಒಂದು ಮಾತು. ನಮ್ಮ ರಕ್ತದಲ್ಲಿ ಕಬ್ಬಿಣವು ಮಾಡುವ ಕೆಲಸವನ್ನು ಸಿಗಡಿಯ ರಕ್ತದಲ್ಲಿ ತಾಮ್ರವು ಮಾಡುತ್ತದೆ. ಆದರೂ ನೀರಿನಲ್ಲಿ ಅದು ಲೇಶ ಹೆಚ್ಚಾದರೆ ಸಿಗಡಿ ಸಾಯುತ್ತದೆ. ಆದಕಾರಣ ತಾಮ್ರದ ಹಂಡೆಯ ನೀರನ್ನೂ, ಮೈಲುತುತ್ತ ಬೆರೆತ ಮೀನಿನ ಔಷಧವನ್ನೂ ಆ ತೊಟ್ಟಿಯ ಹತ್ತಿರ ತರಕೂಡದು.

ಇನ್ನು ಆ ಮಗಳು ಮಾಡಬೇಕಾದುದು. ಹೊಸ ಗಿಡವನ್ನು ಇಂದೇ ಹೊರಗೆ ತೆಗೆಯಲಿ. ಅರ್ಧ ನೀರನ್ನು ಬದಲಿಸಿ, ಎರಡು ದಿನ ಬಿಟ್ಟು ಮತ್ತೆ ಅರ್ಧ; ಹೀಗೆ ಮೂರು ವಾರ ನಡೆಯಲಿ. ಸೋಸುವ ಯಂತ್ರದಲ್ಲಿ ಸಕ್ರಿಯ ಇದ್ದಿಲನ್ನು ಇಡಲಿ. ನಳದ ನೀರಾದರೆ ಒಂದು ದಿನ ತೆರೆದಿಟ್ಟೇ ತುಂಬಲಿ. ಆ ಮೇಲೆ ಎರಡೇ ಸಿಗಡಿಗಳನ್ನು ಬಿಟ್ಟು ಒಂದು ವಾರ ನೋಡಲಿ. ಅವು ಹುಚ್ಚೆದ್ದಂತೆ ಓಡಾಡಿದರೆ ಅಥವಾ ಮಗ್ಗುಲಾಗಿ ಬಿದ್ದು ಕಾಲು ನಡುಗಿಸಿದರೆ ಒಡನೆ ಬೇರೆ ನೀರಿಗೆ ತೆಗೆಯಲಿ. ಹೊರಗೆ ತೆಗೆದ ಗಿಡವನ್ನು ವರದಾ ಹೊಳೆಗೆ ಎಸೆಯದೆ ಬಿಸಿಲಿನಲ್ಲಿ ಒಣಗಿಸಿಬಿಡಲಿ.