ರಜೆಗೆ ದೂರದ ಊರೇ ಬೇಕೆ?

ದಸರೆ ರಜೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಅದೇ ಮಾತು: ಈ ಸಲ ಎಲ್ಲಿಗೆ? ಮಕ್ಕಳ ಬಾಯಲ್ಲಿ ಮೈಸೂರು, ಊಟಿ, ಗೋವಾ. ಅಪ್ಪನ ಕೈಯಲ್ಲಿ ಖರ್ಚಿನ ಲೆಕ್ಕ. ಶಾಲೆಗಳಲ್ಲೂ ಇದೇ ಕಥೆ. ಮೂರು ದಿನದ ಪ್ರವಾಸವೆಂದು ಮೇಷ್ಟ್ರು ಘೋಷಿಸುತ್ತಾರೆ, ಹಣ ಕಟ್ಟಿದವರ ಪಟ್ಟಿ ತಯಾರಾಗುತ್ತದೆ, ಕಟ್ಟಲಾಗದವರು ಬಸ್ಸು ಹೊರಡುವುದನ್ನು ನೋಡುತ್ತ ನಿಲ್ಲುತ್ತಾರೆ. ಹಾಗೆ ನಿಂತ ಮಕ್ಕಳನ್ನು ನೆನೆದಾಗ ಹತ್ತಿರದ ಊರುಗಳ ಮಾತು ಬರಲೇಬೇಕಾಗುತ್ತದೆ.

ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಯಿತು. ಅದರ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಗೆ ಹಂಪಿಯ ಭಾಗ್ಯವಿದೆ. ಉಳಿದ ಐದು, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ, ಹಂಪಿಯ ನೆರಳಲ್ಲೇ ಉಳಿದಿವೆ. ಚಿತ್ರದುರ್ಗದ ಕಡೆಯಿಂದ ಹಂಪಿಗೆ ಹೋಗುವವರು ಕೂಡ್ಲಿಗಿಯಲ್ಲಿ ಚಹಾ ಕುಡಿದು ಮುಂದೆ ಸಾಗುತ್ತಾರೆ. ಇಳಿದು ನೋಡುವುದು ಏನಿದೆ ಎಂದು ಕೇಳುವವರೇ ಕಡಿಮೆ.

<b>ಕಲ್ಲು ಕಲಿಸುವ ಚರಿತ್ರೆ</b>

ಹರಪನಹಳ್ಳಿಯ ಸಮೀಪವೇ ಇರುವ ಬಾಗಳಿಯಿಂದ ಆರಂಭಿಸಬಹುದು. ಇಲ್ಲಿನ ಕಲ್ಲೇಶ್ವರ ದೇವಾಲಯ ಹತ್ತನೆಯ ಶತಮಾನದ್ದು. ಒಂದು ಭಾಗ ರಾಷ್ಟ್ರಕೂಟರ ಕಾಲದ್ದಾದರೆ, ಇನ್ನೊಂದು ಭಾಗ ಅವರನ್ನು ಸೋಲಿಸಿ ಪಟ್ಟಕ್ಕೆ ಬಂದ ಚಾಲುಕ್ಯ ಎರಡನೆಯ ತೈಲಪನ ಕಾಲದ್ದು. ಪಠ್ಯಪುಸ್ತಕದಲ್ಲಿ ಒಂದು ಪಾಠ ಮುಗಿದು ಇನ್ನೊಂದು ಪಾಠ ಶುರುವಾಗುವ ಜಾಗ ಇಲ್ಲಿ ಕಲ್ಲಿನಲ್ಲೇ ಕಾಣುತ್ತದೆ. ಅರಸೊತ್ತಿಗೆ ಬದಲಾದರೂ ಗುಡಿಯ ಕೆಲಸ ನಿಲ್ಲಲಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಮೇಷ್ಟ್ರೂ ಹೇಳಲಾರರು. ಹತ್ತಿರದ ನೀಲಗುಂದದ ಭೀಮೇಶ್ವರ ಗುಡಿ ಚಿಕ್ಕದಾದರೂ ಕೆತ್ತನೆಯಲ್ಲಿ ಸಿರಿವಂತ.

ಇದೇ ತಾಲ್ಲೂಕಿನ ಉಚ್ಚಂಗಿದುರ್ಗ ನೊಳಂಬವಾಡಿಯನ್ನು ಆಳಿದ ಪಾಂಡ್ಯರ ನೆಲೆಯಾಗಿತ್ತು. ಹೊಯ್ಸಳ ಎರಡನೆಯ ಬಲ್ಲಾಳ ಈ ಕೋಟೆಯನ್ನು ಗೆದ್ದು ಗಿರಿದುರ್ಗಮಲ್ಲ ಎನಿಸಿಕೊಂಡ. ಇಂದು ಬೆಟ್ಟ ಹತ್ತುವವರಲ್ಲಿ ಹೆಚ್ಚಿನವರು ಉಚ್ಚಂಗೆಮ್ಮನ ಭಕ್ತರು. ಮೆಟ್ಟಿಲು ಹತ್ತುವಾಗ ಅಕ್ಕಪಕ್ಕದ ಕೋಟೆ ಗೋಡೆಯನ್ನೂ ಮಕ್ಕಳಿಗೆ ತೋರಿಸಿದರೆ ಹರಕೆಯ ಜೊತೆ ಚರಿತ್ರೆಯೂ ಆಯಿತು.

ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲೂ ಒಂದು ಕಲ್ಲೇಶ್ವರ ಗುಡಿಯಿದೆ. ಚಾಲುಕ್ಯ ಒಂದನೆಯ ಸೋಮೇಶ್ವರನ ಪ್ರಧಾನಿ ದೇಮರಸ 1057ರಲ್ಲಿ ಕಟ್ಟಿಸಿದ್ದು. ಮಾಗಳದ ಸೂರ್ಯನಾರಾಯಣ ದೇವಾಲಯ, ತುಂಗಭದ್ರೆಯ ದಂಡೆಯ ಕುರುವತ್ತಿ ಮಲ್ಲಿಕಾರ್ಜುನ ದೇವಾಲಯಗಳೂ ಚಾಲುಕ್ಯ ಶೈಲಿಯವೇ. ಕುರುವತ್ತಿಯ ಬಾಗಿಲಲ್ಲಿರುವ ಮದನಿಕೆಯರನ್ನು ನೋಡಿದ ಮೇಲೆ ಬೇಲೂರಿನ ಶಿಲಾಬಾಲಿಕೆಯರಿಗೆ ಅಕ್ಕಂದಿರು ಇದ್ದರೆಂಬುದು ತಿಳಿಯುತ್ತದೆ.

ಹೂವಿನಹಡಗಲಿಯ ಹೆಸರಿನಲ್ಲೂ ಒಂದು ಪಾಠವಿದೆ. ಇಲ್ಲಿಂದ ಹಂಪಿಗೆ ಹಡಗಿನಲ್ಲಿ ಹೂವು ಹೋಗುತ್ತಿತ್ತು, ಆದ್ದರಿಂದ ಈ ಹೆಸರು ಬಂತು ಎಂದು ಹಿರಿಯರು ಹೇಳುತ್ತಾರೆ. ಕೇಳಲು ಸೊಗಸಾದ ಮಾತು. ಆದರೆ ಶಾಸನಗಳಲ್ಲಿ ಊರಿನ ಹಳೆಯ ಹೆಸರು ‘ಪೂವಿನ ಪಡಂಗಿಲೆ’. ಅದು ಚಾಲುಕ್ಯರ ಕಾಲದ ಮಾತು. ವಿಜಯನಗರ ಹುಟ್ಟಿದ್ದು ಹದಿನಾಲ್ಕನೆಯ ಶತಮಾನದಲ್ಲಿ. ಎಂದರೆ ಹಂಪಿಗೆ ಹೂವು ಹೋಗುವ ಮೊದಲೇ ಊರಿನ ಹೆಸರಿನಲ್ಲಿ ಹೂವಿತ್ತು. ಕೇಳಿದ ಕಥೆಯನ್ನು ಕಲ್ಲಿನ ಬರಹದೊಡನೆ ಒರೆಗೆ ಹಚ್ಚುವುದು ಹೇಗೆಂದು ವಿದ್ಯಾರ್ಥಿ ಇಲ್ಲಿ ಕಲಿಯಬಹುದು. ಮಲ್ಲಿಗೆ ಮಾತ್ರ ಇಂದಿಗೂ ಅದೇ ಊರಿನದು. ಉಡುಪಿ, ಮೈಸೂರು ಮಲ್ಲಿಗೆಗಳಂತೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿದೆ.

<b>ತೇರು, ಕಾರ್ಣಿಕ, ಕಾಲ್ನಡಿಗೆ</b>

ಈ ಸೀಮೆಯಲ್ಲಿ ಪ್ರವಾಸ ಎಂಬ ಪದ ಬರುವ ಮೊದಲು ಜಾತ್ರೆ ಇತ್ತು. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದಲೂ ಜನ ರಾತ್ರಿಯಿಡೀ ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಯವರು ಅವರಿಗೆ ನೀರು, ಊಟ, ಹಣ್ಣು ಕೊಡುತ್ತಾರೆ. ಕೊಟ್ಟೂರಿಗೆ ಹೋದವರು ಮಂಡಕ್ಕಿ, ಮೆಣಸಿನಕಾಯಿ ತಿನ್ನದೆ ಮರಳಿದರೆ ಆ ಯಾತ್ರೆ ಪೂರ್ತಿಯಾಗಲಿಲ್ಲವೆಂದೇ ಲೆಕ್ಕ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ ಒಂದೇ ಮಾತಿನ ಕಾರ್ಣಿಕ ನುಡಿಯುತ್ತಾನೆ. ಲಕ್ಷಾಂತರ ಜನ ಆ ಕ್ಷಣದಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆ ಒಂದು ಸಾಲನ್ನು ರೈತ ಮಳೆಗೆ ಹಚ್ಚುತ್ತಾನೆ, ರಾಜಕಾರಣಿ ಕುರ್ಚಿಗೆ ಹಚ್ಚುತ್ತಾನೆ. ನಂಬುವುದೂ ಬಿಡುವುದೂ ಅವರವರಿಗೆ ಬಿಟ್ಟದ್ದು. ಅಷ್ಟು ಜನ ಒಟ್ಟಿಗೆ ಮೌನವಾಗುವುದನ್ನು ಮಾತ್ರ ಮಕ್ಕಳು ಬೇರೆಲ್ಲೂ ಕಾಣರು.

ಕೊಟ್ಟೂರು ತಾಲ್ಲೂಕಿನ ಉಜ್ಜಿನಿ ಪಂಚಪೀಠಗಳಲ್ಲಿ ಒಂದು. ಹಂಪಿಯನ್ನು ಹೊರಗಿನಿಂದ, ಉಜ್ಜಿನಿಯನ್ನು ಒಳಗಿನಿಂದ ನೋಡಬೇಕೆಂಬ ಮಾತು ಈ ಭಾಗದಲ್ಲಿ ಬಳಕೆಯಲ್ಲಿದೆ. ಮರುಳಸಿದ್ಧೇಶ್ವರ ದೇವಾಲಯದ ಒಳಗೆ ತಲೆಯೆತ್ತಿ ನೋಡಿದವರಿಗೆ ಆ ಮಾತಿನ ಅರ್ಥ ತಾನೇ ಆಗುತ್ತದೆ. ಕೂಡ್ಲಿಗಿ ಪಟ್ಟಣದಲ್ಲಿ ಗಾಂಧೀಜಿಯ ಚಿತಾಭಸ್ಮವಿರುವ ಹುತಾತ್ಮರ ಸ್ಮಾರಕವಿದೆ. ತಾಲ್ಲೂಕಿನ ಮ್ಯಾಸಬೇಡರ ಹಟ್ಟಿಗಳ ಕಡೆ ಹೋದರೆ ದೇವರ ಎತ್ತುಗಳು ಕಾಣಸಿಗುತ್ತವೆ. ಅವನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದೂ ಇಲ್ಲ.

<b>ಹಕ್ಕಿಯ ಕೆರೆ, ಕರಡಿಯ ಗುಡ್ಡ</b>

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಒಂದು ಹಳ್ಳಿಯ ನೀರಾವರಿ ಕೆರೆ, ಮನುಷ್ಯ ಕಟ್ಟಿದ್ದು. ನೀರಿನ ನಡುವಿನ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ನೀರುಕಾಗೆಗಳು ಗೂಡು ಕಟ್ಟುತ್ತವೆ. ತುಂಗಭದ್ರಾ ಜಲಾಶಯದ ಹಿನ್ನೀರು ಸಮೀಪವೇ ಇರುವುದರಿಂದ ಮೀನಿಗೆ ಬರವಿಲ್ಲ. 2017ರಲ್ಲಿ ಇದು ಪಕ್ಷಿ ಸಂರಕ್ಷಿತ ಪ್ರದೇಶವಾಯಿತು. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಯೊಂದಿಗೆ ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ವಿಸ್ತೀರ್ಣ ನೂರು ಹೆಕ್ಟೇರ್‌ಗಿಂತ ತುಸು ಕಡಿಮೆ, ಅಷ್ಟೆ. ಊರ ಕೆರೆಯನ್ನು ಕಾಪಾಡಿಕೊಂಡರೆ ಲೋಕವೇ ತಿರುಗಿ ನೋಡುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಪಾಳೆಯಗಾರರ ಕೋಟೆಯಿದೆ. ಚಿತ್ರದುರ್ಗದ ಓಬವ್ವನ ತವರು ಇದೇ ಎಂದು ಊರಿನವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಸುತ್ತಲಿನ ಬಂಡೆಗುಡ್ಡಗಳು ಕರಡಿಧಾಮ. ಇದು ಮೃಗಾಲಯವಲ್ಲ, ಕರಡಿ ಕಂಡೇ ಕಾಣುತ್ತದೆಂಬ ಭರವಸೆಯಿಲ್ಲ. ಗೆದ್ದಲು, ಜೇನು, ಕಾಡುಹಣ್ಣು ಹುಡುಕಿಕೊಂಡು ಅದು ಹೊರಬರುವುದು ಸಂಜೆಯ ಮೇಲೆ. ಆದ್ದರಿಂದ ಹೊತ್ತು ಮುಳುಗುವ ಮುನ್ನ ಮಕ್ಕಳೊಂದಿಗೆ ಗುಡ್ಡ ಇಳಿದುಬಿಡಬೇಕು.

<b>ರಜೆಯಿಲ್ಲದ ಮಕ್ಕಳು</b>

ಈ ಐದು ತಾಲ್ಲೂಕುಗಳ ಹೆಚ್ಚಿನ ಹೊಲ ಮಳೆಯನ್ನೇ ನಂಬಿದೆ. ಮಳೆ ಕೈಕೊಟ್ಟ ವರ್ಷ ಸಂಸಾರ ಸಮೇತ ಗುಳೆ ಹೋಗುವವರಿದ್ದಾರೆ: ಮಂಡ್ಯದ ಕಡೆ ಕಬ್ಬು ಕಡಿಯಲು, ಮಲೆನಾಡಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ತಾಂಡಾಗಳಿಂದ, ಹಟ್ಟಿಗಳಿಂದ ಹಾಗೆ ಹೊರಡುವ ಮಕ್ಕಳು ದೂರದ ಊರುಗಳನ್ನು ಬೇಕಾದಷ್ಟು ನೋಡಿರುತ್ತಾರೆ, ಆದರೆ ಗುಡಿಸಲಿನ ಬಾಗಿಲಿನಿಂದ. ಸಾವಿರಾರು ರೂಪಾಯಿಯ ಶಾಲಾ ಪ್ರವಾಸದಲ್ಲಿ ಮೊದಲು ಬಿಟ್ಟುಹೋಗುವ ಹೆಸರು ಅವರದೇ.

ಬಾಗಳಿಗೋ ಅಂಕಸಮುದ್ರಕ್ಕೋ ಒಂದು ದಿನದ ಪ್ರವಾಸವೆಂದರೆ ಬಸ್ ಚಾರ್ಜು ಮತ್ತು ಬುತ್ತಿ ಗಂಟು, ಅಷ್ಟೇ ಖರ್ಚು. ರೊಟ್ಟಿ, ಶೇಂಗಾ ಚಟ್ನಿ ಎಲ್ಲರ ಮನೆಯಲ್ಲೂ ಇರುತ್ತದೆ. ತರಗತಿಯ ಒಂದು ಮಗುವೂ ಹಿಂದೆ ಉಳಿಯದಂತೆ ಕರೆದೊಯ್ಯಬಹುದಾದ ಪ್ರವಾಸವಿದು. ದೂರದ ಊರನ್ನು ಅರ್ಧ ತರಗತಿ ನೋಡುವುದಕ್ಕಿಂತ ಹತ್ತಿರದ ಊರನ್ನು ಇಡೀ ತರಗತಿ ನೋಡುವುದು ಮೇಲಲ್ಲವೆ? ಪಾಲಕರ ಸಭೆಯಲ್ಲಿ ಈ ಮಾತನ್ನು ಯಾರಾದರೂ ಎತ್ತಬೇಕು.

<b>ಹೊರಡುವ ಮುನ್ನ</b>

ಇಲ್ಲಿನ ಬೇಸಿಗೆ ಬಿಸಿಲು ಕಡು ಕಠಿಣ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಹೋಗುವುದು ಒಳ್ಳೆಯದು. ವಲಸೆ ಹಕ್ಕಿಗಳಿಗೂ ಅದೇ ಕಾಲ. ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ, ಹರಿಹರ ಮಾರ್ಗದಲ್ಲಿ 2019ರಲ್ಲಿ ಪ್ಯಾಸೆಂಜರ್ ರೈಲು ಆರಂಭವಾಯಿತು. ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಹಳ್ಳಿಗಳಲ್ಲಿ ಹೋಟೆಲು ಸಿಗುವುದು ಕಷ್ಟ, ಊಟ ನೀರು ಜೊತೆಗಿರಲಿ. ಕಂಬದ ಮೇಲೆ ಹೆಸರು ಗೀಚುವುದು, ಕೆರೆಯ ದಂಡೆಯಲ್ಲಿ ಕೂಗಾಡುವುದು ಬೇಡ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಇದ್ದರೆ ಸಾಕು. ಮರಳಿ ಬಂದ ಮೇಲೆ ನೋಡಿದ್ದನ್ನು ಮಕ್ಕಳಿಂದ ಒಂದು ಪುಟ ಬರೆಸಿ, ಮನೆಯವರೆಲ್ಲ ಕೂತು ಓದಿ.