ಆದೇಶ ಬದಲಾಯಿತು, ಅಳತೆಗೋಲು?

ಖಡಕ್‌ವಾಸ್ಲಾದ ಎನ್‌ಡಿಎಯಿಂದ 2025ರ ಮೇ ತಿಂಗಳಲ್ಲಿ ಮೊದಲ ಬಾರಿಗೆ 17 ಯುವತಿಯರು ತೇರ್ಗಡೆಯಾಗಿ ಹೊರಬಂದಾಗ ಎಲ್ಲರೂ ಸಂಭ್ರಮಿಸಿದೆವು. ಸಂಭ್ರಮ ಸರಿಯೇ. ಆದರೆ ಸೇನೆಯಂಥ ಬೃಹತ್ ಸಂಸ್ಥೆಯಲ್ಲಿ ಬಾಗಿಲು ತೆರೆದ ದಿನಕ್ಕೇ ಬದಲಾವಣೆ ಮುಗಿಯುವುದಿಲ್ಲ.

ವೈದ್ಯಕೀಯೇತರ ವಿಭಾಗಗಳಿಗೆ ಮಹಿಳಾ ಅಧಿಕಾರಿಗಳ ನೇಮಕ ಶುರುವಾದದ್ದು 1992ರಲ್ಲಿ. ಮೊದಲು 5 ವರ್ಷದ ಸೇವೆ, ಆಮೇಲೆ 10, ಕೊನೆಗೆ 14. ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಸೇವೆ, ಬಹುತೇಕ ವಿಭಾಗಗಳಲ್ಲಿ ಅವರಿಗೆ ಇರಲಿಲ್ಲ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೊಡಲೇಬೇಕು ಎಂದಿತು. ಇಷ್ಟು ನಮ್ಮಲ್ಲಿ ಹಲವರಿಗೆ ಗೊತ್ತು. ನನಗೆ ಹೆಚ್ಚು ಮುಖ್ಯ ಅನಿಸುವುದು 2021ರ ಮಾರ್ಚ್‌ನ ಎರಡನೇ ತೀರ್ಪು.

ಅಷ್ಟರಲ್ಲಿ ಸೇನೆ ಆಯ್ಕೆ ಮಂಡಳಿ ರಚಿಸಿತ್ತು. ಆದರೆ ಅಳತೆಗೋಲು ಹಳೆಯದೇ. ಪುರುಷರು ಸೇವೆಯ 5ನೇ ಅಥವಾ 10ನೇ ವರ್ಷದಲ್ಲಿ, ಇನ್ನೂ ಯುವಕರಾಗಿರುವಾಗ ದಾಟುವ ದೈಹಿಕ ಅರ್ಹತೆಯನ್ನೇ 40 ದಾಟಿದ ಮಹಿಳೆಯರಿಂದಲೂ ಕೇಳಲಾಯಿತು. ಇನ್ನೂ ಸೂಕ್ಷ್ಮವಾದದ್ದು ವಾರ್ಷಿಕ ಗೋಪ್ಯ ವರದಿಯ ಸಂಗತಿ. ‘ಇವರು ಹೇಗೂ ಕಾಯಂ ಆಗುವವರಲ್ಲ’ ಎಂಬ ಕಾಲದಲ್ಲಿ, ಹೆಚ್ಚು ಯೋಚಿಸದೆ ಬರೆದ ವರದಿಗಳವು. ಈಗ ಅವುಗಳ ಮೇಲೆಯೇ ಅವರ ಭವಿಷ್ಯ ನಿರ್ಧಾರ! ಇದು ಪರೋಕ್ಷ ತಾರತಮ್ಯ ಎಂದಿತು ಕೋರ್ಟ್. ಮಷಿನ್ ಲರ್ನಿಂಗ್ ಓದುವ ನಮಗೆ ಇದು ಪರಿಚಿತ ಕಾಯಿಲೆ. ಪಕ್ಷಪಾತ ತುಂಬಿದ ಹಳೆಯ ಡೇಟಾ ಕೊಟ್ಟರೆ ಹೊಸ ಮಾಡೆಲ್ ಕೂಡ ಹಳೆಯ ಉತ್ತರವನ್ನೇ ಕೊಡುತ್ತದೆ. ಅದಕ್ಕೆ ಯಾರೂ ಬೇಕೆಂದೇ ಮೋಸ ಮಾಡಬೇಕಾಗಿಲ್ಲ.

ಯುದ್ಧಕ್ಕೆ ಬೇಕಾದ ಅರ್ಹತೆಯನ್ನು ಸಡಿಲಿಸಿ ಎನ್ನುವುದು ನನ್ನ ವಾದವಲ್ಲ. ಒಂದೇ ವಯಸ್ಸಿಗೆ ಒಂದೇ ಅಳತೆ ಇರಲಿ, ಅಷ್ಟೆ. ಸೇನೆಯಲ್ಲಿ ಕಮಾಂಡಿಂಗ್ ಅಧಿಕಾರಿ ಕೆಲವೇ ವರ್ಷಗಳಲ್ಲಿ ವರ್ಗವಾಗುತ್ತಾರೆ. ಸುಧಾರಣೆಯ ಉತ್ಸಾಹವೂ ಅವರ ಜತೆಗೇ ಹೊರಟುಬಿಡಬಹುದು. ಉಳಿಯುವುದು ನಿಯಮ, ನಮೂನೆ, ಕಡತ. ಹಾಗಾಗಿ ಪರ್ಮನೆಂಟ್ ಕಮಿಷನ್‌ಗೆ ಎಷ್ಟು ಮಂದಿಯನ್ನು ಪರಿಗಣಿಸಲಾಯಿತು, ಎಷ್ಟು ಮಂದಿಗೆ ಸಿಕ್ಕಿತು, ಉಳಿದವರಿಗೆ ಯಾಕೆ ಸಿಗಲಿಲ್ಲ ಎಂಬ ಲೆಕ್ಕವನ್ನು ಸೇನೆ ಪ್ರತಿವರ್ಷ ತಾನಾಗಿಯೇ ಪ್ರಕಟಿಸಬೇಕು. ಪ್ರತಿ ಸಲವೂ ಅಧಿಕಾರಿಗಳೇ ವಕೀಲರನ್ನು ಹಿಡಿದು ದೆಹಲಿಗೆ ಅಲೆಯುವಂತಾಗಬಾರದು.

ನನ್ನ ತರಗತಿಯ ಇಬ್ಬರು ಗೆಳತಿಯರು ಬಿಇ ಮುಗಿಸಿ ಸೇನೆಯ ಎಸ್‌ಎಸ್‌ಸಿ ಟೆಕ್ನಿಕಲ್ ಎಂಟ್ರಿಗೆ ಅರ್ಜಿ ಹಾಕುವವರಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಾರೆ. ನಾಳೆ ಅವರ ಮೊದಲ ಗೋಪ್ಯ ವರದಿ ಬರೆಯಬೇಕಾದವರು ಇಂದು ಯಾವುದೋ ಯೂನಿಟ್‌ನಲ್ಲಿ ಕ್ಯಾಪ್ಟನ್ನೋ ಮೇಜರ್ರೋ ಆಗಿರುತ್ತಾರೆ. 2021ರ ಆ ತೀರ್ಪನ್ನು ಅವರ ತರಬೇತಿಯಲ್ಲಿ ಈಗಲೇ ಓದಿಸಲಿ.